ಜೇಡದ ಎಳೆಯ ಬಲ ಎಲ್ಲಿದೆ: ಪ್ರೋಟೀನಿನಲ್ಲೋ, ಅದನ್ನು ನೂಲುವ ಕ್ರಮದಲ್ಲೋ?

ಡೊಂಬಿವಲಿಯ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಮಾಧ್ಯಮ ಶಾಲೆಯ ಹತ್ತನೆಯ ತರಗತಿಯವರಿಗೆ ಪ್ರೋಟೀನುಗಳ ಬಗ್ಗೆ ಪಠ್ಯಪುಸ್ತಕದಾಚೆಗೂ ಏನನ್ನಾದರೂ ಹೇಳಬೇಕೆಂದು ಜೇಡದ ಎಳೆಯನ್ನು ಆರಿಸಿಕೊಂಡಿದ್ದೇನೆ. ಎಲ್ಲಿ ಓದಿದರೂ "ಉಕ್ಕಿಗಿಂತ ಐದು ಪಟ್ಟು ಬಲ" ಎಂಬ ಒಂದೇ ಮಾತು ಸಿಗುತ್ತದೆ, ಆದರೆ ಆ ಐದು ಪಟ್ಟು ಯಾವ ಅಳತೆಯಲ್ಲಿ ಎಂಬುದನ್ನು ಬಿಡಿಸಿ ಹೇಳಿದ್ದು ಕಾಣಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯೂ ಇದೆ. ರಕ್ತದ ಹಿಮೋಗ್ಲೋಬಿನ್ ಕೂಡ ಪ್ರೋಟೀನು, ಜೇಡದ ಎಳೆಯೂ ಪ್ರೋಟೀನು; ಎರಡಕ್ಕೂ ಕಚ್ಚಾ ಸಾಮಗ್ರಿ ಅವೇ ಇಪ್ಪತ್ತು ಅಮೈನೋ ಆಮ್ಲಗಳು. ಹೀಗಿರುವಾಗ ಒಂದು ಕರಗಿಕೊಂಡು ಹರಿಯುತ್ತದೆ, ಇನ್ನೊಂದು ಹಾರಿ ಬಂದ ದುಂಬಿಯನ್ನು ತಡೆದು ನಿಲ್ಲಿಸುತ್ತದೆ, ಇದು ಹೇಗೆ ಸಾಧ್ಯ? ವೇದಿಕೆಯಲ್ಲಿ ಜವಳಿ ಕ್ಷೇತ್ರದವರೂ ಪುಣೆಯ ಪ್ರಯೋಗಾಲಯಗಳಲ್ಲಿ ಇರುವವರೂ ಇದ್ದೀರಿ, ದಯವಿಟ್ಟು ವಿವರಿಸಬೇಕು.

ಮಾಟುಂಗಾದ ಜವಳಿ ಪರೀಕ್ಷಕ

ಮೇಡಂ, ಮೊದಲನೆಯ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ, ಏಕೆಂದರೆ ನೂಲನ್ನು ಎಳೆದು ತುಂಡರಿಸಿ ಅಳೆಯುವುದೇ ನನ್ನ ಉದ್ಯೋಗ.

ತೋಟದಲ್ಲಿ ಚಕ್ರಾಕಾರದ ಬಲೆ ಕಟ್ಟುವ ಅರೇನಿಯಸ್ ಜಾತಿಯ ಜೇಡ ನಡೆಯುವಾಗ ತನ್ನ ಹಿಂದೆ ಬಿಟ್ಟುಕೊಂಡು ಹೋಗುವ ರಕ್ಷಣೆಯ ಎಳೆಗೆ ಡ್ರ್ಯಾಗ್‌ಲೈನ್ ಎನ್ನುತ್ತಾರೆ. ಅದರ ಎಳೆತದ ಬಲ, ಅಂದರೆ ತುಂಡಾಗುವ ಮುನ್ನ ನಿಗದಿತ ದಪ್ಪಕ್ಕೆ ಅದು ತಡೆಯುವ ಎಳೆತ, ಸುಮಾರು 1.1 ಗಿಗಾಪಾಸ್ಕಲ್. ಒಳ್ಳೆಯ ಉಕ್ಕಿನ ತಂತಿಯದು ಸುಮಾರು 1.5, ಗುಂಡುನಿರೋಧಕ ಅಂಗಿಗಳಿಗೆ ಬಳಸುವ ಕೃತಕ ನಾರಾದ ಕೆವ್ಲಾರಿನದು ಸುಮಾರು 3.6. ಅಂದರೆ ಒಂದೇ ದಪ್ಪದ ಎಳೆಗಳನ್ನು ಹಿಡಿದು ಎಳೆದರೆ ಉಕ್ಕೇ ಗೆಲ್ಲುತ್ತದೆ. ಆದರೆ ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.8 ಗ್ರಾಂ, ಜೇಡದ ಎಳೆಯದು 1.3 ಗ್ರಾಂ ಮಾತ್ರ. ಒಂದೇ ತೂಕದ ಎಳೆಗಳನ್ನು ಹೋಲಿಸಿದಾಗ ಜೇಡದ ಎಳೆ ನಾಲ್ಕೂವರೆ ಪಟ್ಟಿನಷ್ಟು ಮುಂದೆ ಬರುತ್ತದೆ, ಪತ್ರಿಕೆಗಳ "ಐದು ಪಟ್ಟು" ಹುಟ್ಟುವುದು ಇಲ್ಲಿ. ಜವಳಿಯವರ ಲೆಕ್ಕದಲ್ಲಿ ಹೇಳಬೇಕೆಂದರೆ ಇದು ಡೆನಿಯರ್‌ಗೆ (ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಒಂಬತ್ತೂವರೆ ಗ್ರಾಂ ಆಸುಪಾಸು. ಕೆವ್ಲಾರನ್ನು ಮಾತ್ರ ತೂಕದ ಲೆಕ್ಕದಲ್ಲೂ ಅದು ಮೀರಿಸಲಾರದು.

ಆದರೆ ನನ್ನ ಅಭಿಪ್ರಾಯದಲ್ಲಿ ಮಕ್ಕಳಿಗೆ ಹೇಳಬೇಕಾದ ಅಂಕಿ ಇದಲ್ಲವೇ ಅಲ್ಲ. ಉಕ್ಕಿನ ತಂತಿ ತುಂಡಾಗುವ ಮುನ್ನ ನೂರಕ್ಕೆ ಒಂದು ಪಾಲೂ ಉದ್ದವಾಗುವುದಿಲ್ಲ. ಕೆವ್ಲಾರ್ ನೂರಕ್ಕೆ ಮೂರು ಪಾಲಿನೊಳಗೇ ನಿಲ್ಲುತ್ತದೆ. ಜೇಡದ ಎಳೆ ನೂರಕ್ಕೆ ಇಪ್ಪತ್ತೇಳರಷ್ಟು ಹಿಗ್ಗುತ್ತದೆ. ಬಲವೂ ಹಿಗ್ಗುವ ಗುಣವೂ ಒಂದೇ ಎಳೆಯಲ್ಲಿ ಕೂಡಿರುವುದರಿಂದ, ತುಂಡಾಗುವ ಮೊದಲು ಅದು ಹೀರಿಕೊಳ್ಳುವ ಶಕ್ತಿ ಅಸಾಧಾರಣವಾದದ್ದು. ಒಂದು ಘನ ಮೀಟರಿಗೆ ಲೆಕ್ಕ ಹಾಕಿದರೆ ಉಕ್ಕಿಗೆ ಸುಮಾರು 6 ಮೆಗಾಜೂಲ್, ಕೆವ್ಲಾರ್‌ಗೆ ಸುಮಾರು 50, ಜೇಡದ ಡ್ರ್ಯಾಗ್‌ಲೈನಿಗೆ ಸುಮಾರು 160. ಈ ಗುಣವನ್ನು ನಾವು ತಾಳಿಕೆ ಎಂದು ಕರೆಯೋಣ. ಇನ್ನೂ ಒಂದು ಮಾತು: ಹೀರಿಕೊಂಡ ಶಕ್ತಿಯ ನೂರಕ್ಕೆ ಅರವತ್ತೈದು ಪಾಲನ್ನು ಆ ಎಳೆ ಶಾಖವಾಗಿ ಕಳೆದುಬಿಡುತ್ತದೆ. ಇಲ್ಲವಾದರೆ ಬಂದು ಬಡಿದ ಕೀಟ ಅಷ್ಟೇ ವೇಗದಲ್ಲಿ ಬಲೆಯಿಂದ ಹೊರಕ್ಕೆ ಚಿಮ್ಮಿ ಹೋಗುತ್ತಿತ್ತು.

ಪುಣೆ ಪಾಷಾಣದ ಸಂಶೋಧಕಿ

ಪರೀಕ್ಷಕರು ಕೊಟ್ಟ ಅಂಕಿಗಳನ್ನೇ ಹಿಡಿದು ಮುಂದುವರಿಯುತ್ತೇನೆ. ಬಲವೂ ಹಿಗ್ಗುವ ಗುಣವೂ ಒಂದೇ ಎಳೆಯಲ್ಲಿ ಹೇಗೆ ಸೇರಿದವು ಎಂಬ ಪ್ರಶ್ನೆಗೆ ಉತ್ತರ ಪ್ರೋಟೀನಿನ ಅಕ್ಷರಮಾಲೆಯಲ್ಲಿಯೇ ಬರೆದಿದೆ.

ಡ್ರ್ಯಾಗ್‌ಲೈನ್ ಎಳೆಯಲ್ಲಿ ಮುಖ್ಯವಾಗಿ ಎರಡು ಪ್ರೋಟೀನುಗಳಿವೆ. ಅವುಗಳನ್ನು ಮ್ಯಾಸ್ಪ್-1 ಮತ್ತು ಮ್ಯಾಸ್ಪ್-2 ಎಂದು ಕರೆಯುತ್ತೇವೆ. ಅಮೆರಿಕದ ಚಿನ್ನದ ಬಣ್ಣದ ಬಲೆ ಕಟ್ಟುವ ಜೇಡದಿಂದ ಮೊದಲನೆಯದರ ಒಂದು ಭಾಗದ ಅನುಕ್ರಮ 1990ರಲ್ಲಿಯೂ ಎರಡನೆಯದರದು 1992ರಲ್ಲಿಯೂ ಪ್ರಕಟವಾದವು. ಓದಿದವರಿಗೆ ಕಂಡದ್ದು ಹಿಮೋಗ್ಲೋಬಿನಿನಲ್ಲಿ ಕಾಣುವಂಥ ವೈವಿಧ್ಯವಲ್ಲ, ಮತ್ತೆ ಮತ್ತೆ ಬರುವ ಕೆಲವೇ ತುಣುಕುಗಳು. ಅಲನಿನ್ ಎಂಬ ಸಣ್ಣ ಅಮೈನೋ ಆಮ್ಲ ಸಾಲಾಗಿ ಹಲವು ಸಲ ಬರುತ್ತದೆ. ಅದರ ಹಿಂದೆಯೇ ಗ್ಲೈಸೀನ್ ತುಂಬಿದ ಒಂದು ಭಾಗ ಬರುತ್ತದೆ. ಪುನಃ ಅಲನಿನ್ ಸಾಲು. ಈ ಜೋಡಿ ಒಂದೇ ಸರಪಳಿಯಲ್ಲಿ ನೂರರ ಆಸುಪಾಸು ಸಲ ಪುನರಾವರ್ತನೆಯಾಗುತ್ತದೆ. 2007ರಲ್ಲಿ ಕಪ್ಪು ವಿಧವೆ ಜೇಡದ ಪೂರ್ಣ ಜೀನುಗಳು ಓದಲ್ಪಟ್ಟಾಗ ಒಂದೊಂದು ಸರಪಳಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳಿರುವುದು ತಿಳಿಯಿತು. ಹಿಮೋಗ್ಲೋಬಿನಿನ ಒಂದು ಸರಪಳಿಯಲ್ಲಿ ಇರುವುದು ನೂರನಲವತ್ತು ಚಿಲ್ಲರೆ.

ಅಲನಿನ್ ಸಾಲುಗಳು ಪಕ್ಕದ ಸರಪಳಿಗಳ ಅಲನಿನ್ ಸಾಲುಗಳೊಡನೆ ಅಕ್ಕಪಕ್ಕ ಮಲಗಿ, ಹೈಡ್ರೋಜನ್ ಬಂಧಗಳಿಂದ ಹೆಣೆದುಕೊಂಡು ಬೀಟಾ ಹಾಳೆಗಳಾಗುತ್ತವೆ. ಅಲನಿನ್‌ನ ಪಾರ್ಶ್ವಗುಂಪು ತೀರ ಚಿಕ್ಕದಾದ್ದರಿಂದ ಆ ಹಾಳೆಗಳು ಒಂದರ ಮೇಲೊಂದು ನಡುವೆ ನೀರಿಗೂ ಎಡೆಯಿಲ್ಲದಂತೆ ಒತ್ತೊತ್ತಾಗಿ ಕುಳಿತು ಸ್ಫಟಿಕಗಳಾಗುತ್ತವೆ. ಒಂದೊಂದು ಸ್ಫಟಿಕದ ಅಳತೆ ಕೆಲವೇ ನ್ಯಾನೋಮೀಟರ್, ಮೂರು ದಿಕ್ಕುಗಳಲ್ಲಿ ಕ್ರಮವಾಗಿ ಸುಮಾರು ಎರಡು, ಐದು, ಏಳು. ಎಳೆಯ ಬಲ ಬರುವುದು ಇವುಗಳಿಂದ. ಗ್ಲೈಸೀನ್ ತುಂಬಿದ ಭಾಗಗಳು ಸ್ಫಟಿಕವಾಗದೆ ಅವುಗಳ ನಡುವೆ ಸಡಿಲವಾದ ಜಾಲವಾಗಿ ಉಳಿಯುತ್ತವೆ. ಮ್ಯಾಸ್ಪ್-2ರಲ್ಲಿ ಈ ಸಡಿಲ ಭಾಗದೊಳಗೆ ಪ್ರೋಲೀನ್ ಕೂಡ ಇರುತ್ತದೆ. ಪ್ರೋಲೀನ್ ಇದ್ದಲ್ಲಿ ಸರಪಳಿ ಬಾಗುತ್ತದೆ, ಹಾಳೆಯಾಗಿ ನೆಟ್ಟಗೆ ಮಲಗಲು ಒಪ್ಪುವುದಿಲ್ಲ. ಎಳೆದಾಗ ಆ ಬಾಗುಗಳು ಬಿಚ್ಚಿಕೊಂಡು ಎಳೆ ಹಿಗ್ಗುತ್ತದೆ. ಒಂದೇ ಸರಪಳಿ ಹಲವು ಸ್ಫಟಿಕಗಳ ಮೂಲಕವೂ ಅವುಗಳ ನಡುವಿನ ಸಡಿಲ ಪ್ರದೇಶಗಳ ಮೂಲಕವೂ ಹಾದುಹೋಗುವುದರಿಂದ, ಗಟ್ಟಿ ಭಾಗವನ್ನು ಮೆದು ಭಾಗಕ್ಕೆ ಅಂಟಿಸಲು ಬೇರೆ ಯಾವ ಅಂಟೂ ಬೇಕಾಗಿಲ್ಲ.

ಹೈಡ್ರೋಜನ್ ಬಂಧ ಒಂಟಿಯಾಗಿ ದುರ್ಬಲವಾದದ್ದು ಎಂದು ಮಕ್ಕಳು ಓದಿರುತ್ತಾರೆ. ಹಾಗಾದರೆ ಅದರಿಂದ ಬಲ ಬಂದದ್ದು ಹೇಗೆ ಎಂಬುದು ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. 2010ರಲ್ಲಿ ಅಮೆರಿಕದ ಎಂಐಟಿಯ ತಂಡವೊಂದು ಗಣಕದಲ್ಲಿ ಈ ಸ್ಫಟಿಕಗಳನ್ನು ಪರಮಾಣುಗಳ ಮಟ್ಟದಲ್ಲಿ ಕಟ್ಟಿ ಎಳೆದು ನೋಡಿತು. ಸ್ಫಟಿಕ ಚಿಕ್ಕದಾಗಿದ್ದಾಗ, ತೇರಿನ ಹಗ್ಗಕ್ಕೆ ಕೈಹಾಕಿದ ಊರವರೆಲ್ಲ ಒಂದೇ ಉಸಿರಿಗೆ ಜಗ್ಗಿದಂತೆ, ಅಲ್ಲಿರುವ ಹೈಡ್ರೋಜನ್ ಬಂಧಗಳೆಲ್ಲ ಭಾರವನ್ನು ಒಟ್ಟಿಗೆ ಹೊರುತ್ತವೆ. ಒಂದು ಮುರಿದರೂ ನೀರಿನ ಕಾಟವಿಲ್ಲದ ಕಾರಣ ಮತ್ತೆ ಕೂಡಿಕೊಳ್ಳಲು ಅವಕಾಶವಿರುತ್ತದೆ. ಸ್ಫಟಿಕ ದೊಡ್ಡದಾದರೆ ಅದು ಬಾಗತೊಡಗುತ್ತದೆ, ಭಾರ ಸಮನಾಗಿ ಹಂಚಿಹೋಗದೆ ಬಂಧಗಳು ಒಂದೊಂದಾಗಿ ಹರಿಯುತ್ತವೆ. ಸಾಮಗ್ರಿ ಅದೇ, ಗಾತ್ರ ಮಾತ್ರ ಬೇರೆ. ಅಷ್ಟರಿಂದಲೇ ಬಲ ಕುಗ್ಗುತ್ತದೆ. ಅಲನಿನ್ ಸಾಲು ಎಷ್ಟು ಉದ್ದವಿರಬೇಕು ಎಂಬುದಕ್ಕೆ ಜೀನಿನಲ್ಲಿ ಇರುವ ಮಿತಿಯೇ ಈ ಗಾತ್ರವನ್ನು ಹದ್ದಿನಲ್ಲಿಡಲು ನೆರವಾಗುತ್ತದೆ.

ಮಡಗಾಂವದ ಚಾರಣಿಗ

ಮೇಡಂ, ಬಹಳ ಚೆನ್ನಾಗಿ ತಿಳಿಸಿದ್ದೀರಿ. ಮಳೆಗಾಲದ ಕೊನೆಯಲ್ಲಿ ಮೊಲ್ಲೆಂ ಕಾಡಿನ ದಾರಿಯಲ್ಲಿ ದೈತ್ಯ ಚಿನ್ನದ ಜೇಡ, ಅಂದರೆ ನೆಫಿಲಾ ಪಿಲಿಪೆಸ್, ಕಟ್ಟಿದ ಹಳದಿ ಬಲೆಗಳು ಕಾಣಸಿಗುತ್ತವೆ. ಬಲೆಯ ಚೌಕಟ್ಟಿನ ಎಳೆಗಳು ಬಿಗಿಯಾಗಿರುತ್ತವೆ, ಸುರುಳಿಯಾಗಿ ಸುತ್ತಿದ ಎಳೆಗಳು ಮುಟ್ಟಿದರೆ ಅಂಟುತ್ತವೆ ಮತ್ತು ರಬ್ಬರಿನಷ್ಟು ಉದ್ದಕ್ಕೆ ಬರುತ್ತವೆ. ಇವೆರಡೂ ಒಂದೇ ಪ್ರೋಟೀನೇ? ಮತ್ತೆ, ಅಷ್ಟು ಮಳೆಯಲ್ಲಿ ನೆನೆದರೂ ಚೌಕಟ್ಟು ಜೋತುಬೀಳದಿರುವುದಕ್ಕೆ ಕಾರಣವೇನು?

ಪುಣೆ ಪಾಷಾಣದ ಸಂಶೋಧಕಿ

ಒಂದೇ ಪ್ರೋಟೀನಲ್ಲ. ಚಕ್ರಬಲೆ ಕಟ್ಟುವ ಹೆಣ್ಣು ಜೇಡದ ಹೊಟ್ಟೆಯಲ್ಲಿ ಏಳು ಬಗೆಯ ಗ್ರಂಥಿಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ಬಗೆಯ ಪ್ರೋಟೀನು ತಯಾರಾಗುತ್ತದೆ. ಚೌಕಟ್ಟಿಗೂ ಅರಗಳಿಗೂ ಬಳಕೆಯಾಗುವುದು ನಾನು ಹೇಳಿದ ಮ್ಯಾಸ್ಪ್ ಜೋಡಿ. ನೀವು ಮುಟ್ಟಿ ನೋಡಿದ ಸುರುಳಿಯ ಎಳೆಯಲ್ಲಿ ಇರುವುದು ಫ್ಲ್ಯಾಜೆಲಿಫಾರ್ಮ್ ಗ್ರಂಥಿಯ ಪ್ರೋಟೀನು; ಅದರಲ್ಲಿ ಪ್ರೋಲೀನ್ ಸೇರಿದ ಬಾಗುಗಳು ಸಾಲುಸಾಲಾಗಿ ಇವೆ, ಅಲನಿನ್ ಸಾಲುಗಳಿಲ್ಲ. ಆದ್ದರಿಂದಲೇ ಅದರ ಬಲ ಸುಮಾರು 0.5 ಗಿಗಾಪಾಸ್ಕಲ್‌ಗೆ ಇಳಿದಿದೆ, ಹಿಗ್ಗುವಿಕೆ ನೂರಕ್ಕೆ 270ಕ್ಕೆ ಏರಿದೆ. ಅದರ ಮೇಲಿನ ಅಂಟು ಹನಿಗಳು ಮತ್ತೊಂದು ಗ್ರಂಥಿಯವು. ಅನುಕ್ರಮಕ್ಕೂ ಬಲಕ್ಕೂ ಇರುವ ನಂಟನ್ನು ತೋರಿಸಲು ಈ ಎರಡು ಎಳೆಗಳನ್ನು ಅಕ್ಕಪಕ್ಕ ಇಡುವುದಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ.

ನೀರಿನ ವಿಷಯ. ಡ್ರ್ಯಾಗ್‌ಲೈನ್ ಎಳೆಯನ್ನು ಎರಡೂ ತುದಿ ಬಿಟ್ಟು ನೀರಿನಲ್ಲಿ ಅದ್ದಿದರೆ ಅದು ತನ್ನ ಉದ್ದದ ಅರ್ಧದವರೆಗೂ ಕುಗ್ಗಬಲ್ಲದು. ನೀರು ಸ್ಫಟಿಕಗಳೊಳಗೆ ನುಗ್ಗಲಾರದು. ಸಡಿಲ ಪ್ರದೇಶಕ್ಕೆ ಇಳಿದು ಅಲ್ಲಿ ಸರಪಳಿಗಳನ್ನು ನೀಳವಾಗಿ ಹಿಡಿದಿದ್ದ ಹೈಡ್ರೋಜನ್ ಬಂಧಗಳನ್ನು ಬಿಡಿಸುತ್ತದೆ. ಬಿಡುಗಡೆಯಾದ ಸರಪಳಿಗಳು ಸುತ್ತಿಕೊಂಡು ಎಳೆಯನ್ನು ಒಳಕ್ಕೆ ಜಗ್ಗುತ್ತವೆ. ಪ್ರೋಲೀನ್ ಹೆಚ್ಚಿರುವ ಜಾತಿಗಳ ಎಳೆ ಹೆಚ್ಚು ಕುಗ್ಗುತ್ತದೆ. ಬಲೆಯಲ್ಲಿ ತುದಿಗಳು ಕಟ್ಟಿಹಾಕಿದಂತೆ ಇರುವುದರಿಂದ ಕುಗ್ಗಲು ಆಸ್ಪದವಿಲ್ಲದೆ ಆ ಜಗ್ಗುವಿಕೆ ಬಿಗಿಯಾಗಿ ಪರಿಣಮಿಸುತ್ತದೆ. ನೆನೆದ ಚೌಕಟ್ಟು ಜೋತುಬೀಳದೆ ಉಳಿಯುವುದಕ್ಕೆ ಇದೂ ಒಂದು ಕಾರಣವೆಂದು ಪರಿಗಣಿಸಲಾಗಿದೆ.

ಮಾಟುಂಗಾದ ಜವಳಿ ಪರೀಕ್ಷಕ

ಇದಕ್ಕೆ ಒಂದು ಸೇರ್ಪಡೆ. ನಮ್ಮ ದೇಶದಲ್ಲಿ ಜವಳಿಯನ್ನು ಅಳೆಯುವಾಗ ಕೋಣೆಯ ತೇವಾಂಶವನ್ನು ನೂರಕ್ಕೆ 65ರಲ್ಲಿಯೂ ಉಷ್ಣತೆಯನ್ನು 27 ಡಿಗ್ರಿಯಲ್ಲಿಯೂ ಇಡಬೇಕೆಂಬ ನಿಯಮವಿದೆ. ಜೇಡದ ಎಳೆ ಕುಗ್ಗತೊಡಗುವುದು ತೇವಾಂಶ ಸುಮಾರು 70ನ್ನು ದಾಟಿದ ಮೇಲೆ. ಜುಲೈ ತಿಂಗಳ ಮುಂಬಯಿಯಲ್ಲಿ ಕಿಟಕಿ ತೆರೆದಿಟ್ಟು ಈ ಎಳೆಯನ್ನು ಅಳೆದರೆ ಸಿಗುವ ಅಂಕಿ ಬೇರೆಯದೇ ಆಗಿರುತ್ತದೆ. ಎರಡು ಲೇಖನಗಳ ಅಂಕಿಗಳು ತಾಳೆಯಾಗದಿದ್ದರೆ ಮೊದಲು ಅಳತೆ ನಡೆದ ಕೋಣೆಯ ತೇವಾಂಶವನ್ನು ನೋಡಿ ಎಂದು ಯುವಕರಿಗೆ ಹೇಳುತ್ತಿರುತ್ತೇನೆ.

ಠಾಣೆಯಲ್ಲಿರುವ ಶಿಡ್ಲಘಟ್ಟದವರು

ನಮ್ಮದು ರೇಷ್ಮೆ ಬೆಳೆಯುವ ಮನೆತನ. ನಾಲ್ಕನೆಯ ಜ್ವರ (ಹುಳು ಪೊರೆ ಕಳಚುವ ಹಂತ) ದಾಟಿ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದನ್ನೂ ಗೂಡಿನಿಂದ ನೂಲು ಬಿಚ್ಚುವುದನ್ನೂ ನೋಡುತ್ತಲೇ ಬೆಳೆದವನು ನಾನು. ರೇಷ್ಮೆಹುಳುವಿನ ನೂಲೂ ಗ್ಲೈಸೀನ್, ಅಲನಿನ್‌ಗಳಿಂದಲೇ ಆದದ್ದು ಎಂದು ಕೇಳಿದ್ದೇನೆ. ಹಾಗಿದ್ದರೂ ಅದರ ಬಲ ಜೇಡದ ಎಳೆಯ ಅರ್ಧದಷ್ಟು ಎನ್ನುತ್ತಾರೆ. ಹುಳುವಿನ ಪ್ರೋಟೀನು ಕೀಳು ಎಂದು ಅರ್ಥವೇ? ಈ ಮಾತು ನಮ್ಮವರ ಮನಸ್ಸಿಗೆ ಸ್ವಲ್ಪ ನಾಟುತ್ತದೆ.

ಪುಣೆ ಪಾಷಾಣದ ಸಂಶೋಧಕಿ

ಕೀಳು ಖಂಡಿತ ಅಲ್ಲ ಸರ್. ಹಿಪ್ಪುನೇರಳೆ ರೇಷ್ಮೆಯ ಮುಖ್ಯ ಪ್ರೋಟೀನಾದ ಫೈಬ್ರಾಯಿನ್‌ನ ಭಾರಸರಪಳಿ, ಅಂದರೆ ಅದರ ದೊಡ್ಡ ಸರಪಳಿ, ಜೇಡದ ಪ್ರೋಟೀನಿಗಿಂತಲೂ ದೊಡ್ಡದು, ಸುಮಾರು 390 ಕಿಲೋಡಾಲ್ಟನ್ (ಡಾಲ್ಟನ್ ಎಂಬುದು ಅಣುಗಳ ತೂಕದ ಅಳತೆ). ಅದರಲ್ಲಿ ಅಲನಿನ್ ಒಂದೇ ಸಾಲಾಗಿ ಬರುವುದಿಲ್ಲ. ಗ್ಲೈಸೀನ್, ಅಲನಿನ್, ಗ್ಲೈಸೀನ್, ಅಲನಿನ್, ಗ್ಲೈಸೀನ್, ಸೆರಿನ್ ಎಂಬ ಸರದಿ ಮತ್ತೆ ಮತ್ತೆ ಬರುತ್ತದೆ, ಅದರಿಂದಲೂ ಬೀಟಾ ಹಾಳೆಯ ಸ್ಫಟಿಕಗಳೇ ಆಗುತ್ತವೆ.

ನೀವು ನೂಲು ಬಿಚ್ಚುವುದನ್ನು ಬಲ್ಲವರಾದ್ದರಿಂದ ಈ ಪ್ರಯೋಗ ನಿಮಗೆ ಇಷ್ಟವಾಗುತ್ತದೆ. ಹುಳು ಗೂಡು ಕಟ್ಟುವಾಗ ತಲೆಯನ್ನು ಅತ್ತಿತ್ತ ಆಡಿಸುತ್ತ, ನಿಲ್ಲಿಸುತ್ತ, ಮತ್ತೆ ಎಳೆಯುತ್ತ ನೂಲುತ್ತದೆ. ಆದ್ದರಿಂದ ವೇಗ ಒಂದೇ ಸಮನಾಗಿರುವುದಿಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹುಳುವಿಗೆ ಗೂಡು ಕಟ್ಟಲು ಬಿಡದೆ, ಅದರ ಬಾಯಿಯಿಂದಲೇ ಎಳೆಯನ್ನು ಒಂದೇ ಸಮನಾದ ವೇಗದಲ್ಲಿ ಹೊರಕ್ಕೆ ಎಳೆದರು. ಹಾಗೆ ಪಡೆದ ನೂಲು ಗೂಡಿನಿಂದ ಬಿಚ್ಚಿದ ನೂಲಿಗಿಂತ ಸ್ಪಷ್ಟವಾಗಿ ಬಲವಾಗಿತ್ತು, ಜೇಡದ ಡ್ರ್ಯಾಗ್‌ಲೈನಿನ ಹತ್ತಿರಕ್ಕೆ ಬಂದಿತ್ತು. ವೇಗ ಹೆಚ್ಚಿಸಿದಷ್ಟೂ ಬಲ ಏರಿ ಹಿಗ್ಗುವಿಕೆ ಇಳಿಯಿತು. ಜೀನು ಬದಲಾಗಲಿಲ್ಲ, ಒಂದು ಅಮೈನೋ ಆಮ್ಲವೂ ಅತ್ತಿತ್ತ ಆಗಲಿಲ್ಲ. ಸರಪಳಿಗಳು ಎಳೆಯ ಉದ್ದಕ್ಕೆ ಎಷ್ಟು ನೆಟ್ಟಗೆ ಮಲಗಿದವು ಎಂಬುದು ಮಾತ್ರ ಬದಲಾಯಿತು. ಗೂಡು ಹುಳುವಿಗೆ ರಕ್ಷಣೆಯ ಮನೆ, ಅದಕ್ಕೆ ಜೇಡದ ಹಗ್ಗದ ಬಲ ಬೇಕಾಗಿಲ್ಲ.

ಕೊಥ್ರೂಡಿನ ವಿದ್ಯಾರ್ಥಿನಿ

ನಾನು ಜೈವಿಕ ತಂತ್ರಜ್ಞಾನ ಓದುತ್ತಿದ್ದೇನೆ. 1990ರಿಂದಲೇ ಜೀನು ತಿಳಿದಿದ್ದರೆ, ಅದನ್ನು ಬ್ಯಾಕ್ಟೀರಿಯಾದಲ್ಲಿ ಇಟ್ಟು ಪ್ರೋಟೀನು ತಯಾರಿಸುವುದು ಇಂದು ಕಷ್ಟವಲ್ಲ. ಮೂರು ದಶಕ ಕಳೆದರೂ ಜೇಡದ ಎಳೆಗೆ ಸಮನಾದ ನೂಲು ಅಂಗಡಿಗೆ ಏಕೆ ಬಂದಿಲ್ಲ? ಜೇಡಗಳನ್ನೇ ರೇಷ್ಮೆಹುಳುವಿನಂತೆ ಸಾಕಲು ಸಾಧ್ಯವಿಲ್ಲವೇ ಅಕ್ಕಾ?

ಪುಣೆ ಪಾಷಾಣದ ಸಂಶೋಧಕಿ

ಸಾಕುವುದು ಆಗದ ಮಾತು, ಒಟ್ಟಿಗೆ ಇಟ್ಟರೆ ಒಂದನ್ನೊಂದು ತಿನ್ನುತ್ತವೆ. ಮಡಗಾಸ್ಕರಿನಲ್ಲಿ ಕಾಡಿನ ಜೇಡಗಳನ್ನು ಹಿಡಿದು, ಎಳೆ ತೆಗೆದು, ಮತ್ತೆ ಕಾಡಿಗೆ ಬಿಟ್ಟು ನೇಯ್ದ ಚಿನ್ನದ ಬಣ್ಣದ ಬಟ್ಟೆಯೊಂದನ್ನು 2009ರಲ್ಲಿ ಪ್ರದರ್ಶಿಸಿದರು. ಅದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜೇಡಗಳು ಬೇಕಾದವು.

ಬ್ಯಾಕ್ಟೀರಿಯಾದ ದಾರಿಯಲ್ಲಿ ಮೊದಲ ತೊಡಕು ಸರಪಳಿಯ ಉದ್ದ. ಇಷ್ಟು ಪುನರಾವರ್ತನೆಯಿರುವ ಜೀನನ್ನು ಬ್ಯಾಕ್ಟೀರಿಯಾ ಕತ್ತರಿಸಿ ಮೊಟಕು ಮಾಡುತ್ತದೆ. ಇಷ್ಟೊಂದು ಗ್ಲೈಸೀನನ್ನು ಒದಗಿಸಲು ಅದರ ಜೀವಕೋಶಕ್ಕೆ ಶಕ್ತಿ ಸಾಲದು. ಕೆನಡಾದ ನೆಕ್ಸಿಯಾ ಕಂಪನಿ ಮೇಕೆಯ ಹಾಲಿನಲ್ಲಿ ಈ ಪ್ರೋಟೀನನ್ನು ಪಡೆಯಲು ಹೊರಟಿದ್ದು ಸುದ್ದಿಯಾಗಿತ್ತು. ಆದರೆ 2002ರಲ್ಲಿ ಸಸ್ತನಿಗಳ ಜೀವಕೋಶಗಳಿಂದ ಬಂದ ಪ್ರೋಟೀನುಗಳು 60ರಿಂದ 140 ಕಿಲೋಡಾಲ್ಟನ್ ಮಾತ್ರ ಇದ್ದವು, ನೂಲಿನ ಬಲವೂ ಹಿಂದುಳಿಯಿತು. 2010ರಲ್ಲಿ ಕೊರಿಯಾದ ತಂಡ ಬ್ಯಾಕ್ಟೀರಿಯಾಕ್ಕೆ ಗ್ಲೈಸೀನ್ ಒದಗುವಂತೆ ಮಾಡಿ 285 ಕಿಲೋಡಾಲ್ಟನ್‌ನಷ್ಟು ದೊಡ್ಡ ಪ್ರೋಟೀನು ಪಡೆಯಿತು. ನೂಲಿನ ಬಲ ಸುಮಾರು 0.5 ಗಿಗಾಪಾಸ್ಕಲ್. 2018ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ತಂಡ ಎರಡು ಅರ್ಧಗಳನ್ನು ಬೇರೆ ಬೇರೆ ತಯಾರಿಸಿ ಜೋಡಿಸಿ 556 ಕಿಲೋಡಾಲ್ಟನ್ ತಲುಪಿತು, ಬಲ 1.03 ಗಿಗಾಪಾಸ್ಕಲ್ ಆಯಿತು. ಸರಪಳಿ ಉದ್ದವಾದಷ್ಟೂ ಅದು ಹೆಚ್ಚು ಸ್ಫಟಿಕಗಳನ್ನು ಹೊಲಿದು ಹಿಡಿಯುತ್ತದೆ, ಎಳೆಯೊಳಗೆ ಸಡಿಲ ತುದಿಗಳು ಕಡಿಮೆಯಾಗುತ್ತವೆ.

ಎರಡನೆಯ ತೊಡಕು ನೂಲುವಿಕೆ, ಇದೇ ಹೆಚ್ಚು ಆಳವಾದದ್ದು. ಗ್ರಂಥಿಯಲ್ಲಿ ಪ್ರೋಟೀನು ತೂಕದಲ್ಲಿ ನೂರಕ್ಕೆ ಮೂವತ್ತರಿಂದ ಐವತ್ತು ಪಾಲಿನಷ್ಟು ಗಟ್ಟಿಯಾದ ದ್ರಾವಣವಾಗಿ ಹೆಪ್ಪುಗಟ್ಟದೆ ಕಾದಿರುತ್ತದೆ. ಕಿರಿದಾಗುತ್ತ ಹೋಗುವ ನಾಳವನ್ನು ದಾಟುವಷ್ಟರಲ್ಲಿ ಗಟ್ಟಿ ಎಳೆಯಾಗಿರುತ್ತದೆ. ಈ ತಿರುವನ್ನು ನಡೆಸುವುದು ಸರಪಳಿಯ ಎರಡು ತುದಿಗಳು, ಅವುಗಳಲ್ಲಿ ಪುನರಾವರ್ತನೆಯಿಲ್ಲ. ಒಂದು ತುದಿ ಆರಂಭದಿಂದಲೇ ಎರಡು ಸರಪಳಿಗಳನ್ನು ಜೋಡಿಯಾಗಿ ಕಟ್ಟಿರುತ್ತದೆ. ನಾಳದಲ್ಲಿ ಸಾಗಿದಂತೆ ಪಿಎಚ್ ಸುಮಾರು 7.6ರಿಂದ 5.7ಕ್ಕೂ ಕೆಳಗೆ ಇಳಿಯುತ್ತದೆ, ಆಗ ಇನ್ನೊಂದು ತುದಿಯೂ ಬೇರೆ ಸರಪಳಿಯ ತುದಿಯೊಡನೆ ಜೋಡಿಯಾಗುತ್ತದೆ. ಹೀಗೆ ಬಿಡಿ ಅಣುಗಳು ಕೊನೆಯಿಲ್ಲದ ಜಾಲವಾಗುತ್ತವೆ. ಸೋಡಿಯಂ ಕ್ಲೋರೈಡ್ ಇಳಿದು ಪೊಟ್ಯಾಸಿಯಂ, ಫಾಸ್ಫೇಟ್ ಏರುತ್ತವೆ, ನೀರು ಹೊರಹೋಗುತ್ತದೆ, ಜೇಡ ತನ್ನ ಕಾಲಿನಿಂದಲೋ ಮೈಭಾರದಿಂದಲೋ ಎಳೆಯುವ ಎಳೆತ ಸರಪಳಿಗಳನ್ನು ನೇರಮಾಡುತ್ತದೆ. ಇದೆಲ್ಲವೂ ನೀರಿನಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ ನಡೆಯುತ್ತದೆ. 2017ರಲ್ಲಿ ಸ್ವೀಡನ್ನಿನ ತಂಡ ಸರಿಯಾದ ಎರಡೂ ತುದಿಗಳಿರುವ ಚಿಕ್ಕ ಪ್ರೋಟೀನೊಂದನ್ನು ಆಮ್ಲೀಯ ನೀರಿನಲ್ಲಿ ಉದ್ದುದ್ದನೆಯ ಎಳೆಯಾಗಿ ನೂತು ತೋರಿಸಿತು. ನೂಲುವ ಕ್ರಮ ಜೇಡದ ಹತ್ತಿರ ಬಂದಿತ್ತು, ಸರಪಳಿ ಮೋಟಾಗಿದ್ದುದರಿಂದ ಬಲ ಮಾತ್ರ ಸುಮಾರು 0.16 ಗಿಗಾಪಾಸ್ಕಲ್‌ನಲ್ಲಿ ನಿಂತಿತು. ಉದ್ದ ಸರಪಳಿಯೂ ಸರಿಯಾದ ನೂಲುವಿಕೆಯೂ ಒಂದೇ ಕೈಯಲ್ಲಿ ಸಿಗುವುದು ಎಷ್ಟು ಕಷ್ಟ ಎಂಬುದು ಇದರಿಂದ ತಿಳಿಯುತ್ತದೆ.

ಶಿಡ್ಲಘಟ್ಟದವರಿಗೆ ಸಂತೋಷವಾಗುವ ಸುದ್ದಿಯೂ ಇದೆ. 2023ರಲ್ಲಿ ಚೀನಾದ ಸಂಶೋಧಕರು ರೇಷ್ಮೆಹುಳುವಿನ ಜೀನಿನ ಜಾಗದಲ್ಲಿ ಜೇಡದ ಪ್ರೋಟೀನಿನ ಜೀನನ್ನು ಕೂರಿಸಿದರು. ಹುಳುವೇ ತನ್ನ ಗ್ರಂಥಿಯಲ್ಲಿ ಅದನ್ನು ನೂತಿತು. ಆ ನೂಲಿನ ಬಲ ಸುಮಾರು 1.3 ಗಿಗಾಪಾಸ್ಕಲ್, ತಾಳಿಕೆ ಘನ ಮೀಟರಿಗೆ 319 ಮೆಗಾಜೂಲ್.

ಡೊಂಬಿವಲಿಯ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೋಡೆಯ ಪಟಕ್ಕೆ ಹೀಗೆ ಬರೆಯಲೇ: "ಜೇಡದ ಎಳೆಯ ಬಲ 1.1 ಗಿಗಾಪಾಸ್ಕಲ್, ತಾಳಿಕೆ ಘನ ಮೀಟರಿಗೆ 160 ಮೆಗಾಜೂಲ್. ಬಲ ಅಲನಿನ್ ಸ್ಫಟಿಕಗಳಿಂದ, ಹಿಗ್ಗುವಿಕೆ ಗ್ಲೈಸೀನ್ ಮತ್ತು ಪ್ರೋಲೀನ್ ಇರುವ ಸಡಿಲ ಭಾಗದಿಂದ. ಎರಡನ್ನೂ ಸಾಲಿಗೆ ತರುವುದು ನೂಲುವಿಕೆ."

ಮಾಟುಂಗಾದ ಜವಳಿ ಪರೀಕ್ಷಕ

ಬಹಳ ಸರಿಯಾಗಿದೆ ಮೇಡಂ. ಒಂದೇ ಒಂದು ತಿದ್ದುಪಡಿ: "ಜೇಡದ ಎಳೆ" ಎಂದು ಬಿಡದೆ "ಅರೇನಿಯಸ್ ಜೇಡದ ಡ್ರ್ಯಾಗ್‌ಲೈನ್ ಎಳೆ" ಎಂದು ಬರೆಯಿರಿ. ಜಾತಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಮಡಗಾಸ್ಕರಿನಲ್ಲಿ ನದಿಗಳಿಗೆ ಅಡ್ಡಲಾಗಿ ಬಲೆ ಕಟ್ಟುವ ಡಾರ್ವಿನ್ ತೊಗಟೆ ಜೇಡದ ಎಳೆಯನ್ನು 2010ರಲ್ಲಿ ಅಳೆದಾಗ ಅದರ ತಾಳಿಕೆ ಸರಾಸರಿ 350 ಮೆಗಾಜೂಲ್ ಬಂದಿತ್ತು, ಅಂದರೆ ನಿಮ್ಮ ಪಟದಲ್ಲಿರುವುದರ ಎರಡು ಪಟ್ಟಿಗೂ ಹೆಚ್ಚು. ಅದರ ಎಳೆಯಲ್ಲಿ ಪ್ರೋಲೀನ್ ಸಮೃದ್ಧವಾಗಿರುವ ಮತ್ತೊಂದು ಪ್ರೋಟೀನು ಕೂಡ ಇರುವುದು ಆಮೇಲೆ ಗೊತ್ತಾಯಿತು. ಜಾಗವಿದ್ದರೆ ಆ ಜೇಡದ ಹೆಸರನ್ನೂ ಅಂಕಿಯನ್ನೂ ಪಕ್ಕದಲ್ಲಿಯೇ ಬರೆಯಿರಿ.